ಮಡ್ಡಿಕೊಪ್ಪ ಹಾಲ್ಟಿನಲ್ಲಿ ಒಂದು ನಿಮಿಷ

ಮುನವಳ್ಳಿ
14 ಅಕ್ಟೋಬರ್ 2024

ಸೀತವ್ವನವರಿಗೆ ಜ್ಯೋತ್ಸ್ನಾ ಮಾಡುವ ನಮಸ್ಕಾರಗಳು.

ಈ ಪತ್ರವನ್ನು ಸ್ನೇಹಲ್ ನಿಮಗೆ ಓದಿ ಹೇಳುತ್ತಾಳೆಂದು ನನಗೆ ಗೊತ್ತು. ಸ್ನೇಹಲ್, ನಡುವೆ ಏನನ್ನೂ ಬಿಡಬೇಡ ಮಗಳೇ. ಅವ್ವನಿಗೆ ನೋವಾಗುತ್ತದೆಂದೋ, ಕಲಿಸಿದ ಅಕ್ಕೋರ ಮರ್ಯಾದೆ ಹೋಗುತ್ತದೆಂದೋ ಒಂದು ಸಾಲನ್ನೂ ಹಾರಿಸಬೇಡ. ಫೋನಿನಲ್ಲೇ ಹೇಳಿಬಿಡೋಣವೆಂದು ಮೂರು ಸಲ ಹಚ್ಚಿದೆ. ಮೂರು ಸಲವೂ ‘ಯಾರ್ರೀ?’ ಎಂಬ ನಿಮ್ಮ ದನಿ ಕೇಳಿದೊಡನೆ ಇಟ್ಟುಬಿಟ್ಟೆ.

ಸೀತವ್ವ, ರೈಲು ಹಾಲ್ಟಿನ ಆ ತಗಡಿನ ನೆರಳಲ್ಲಿ ಎಂಟು ವರ್ಷ ಸಂಜೆ ಸಂಜೆ ನಾವಿಬ್ಬರೂ ಕೂತು ಮಾತಾಡಿದೆವು. ಆಗ ನಾನು ನಿಮ್ಮನ್ನು ‘ನೀನು’ ಎನ್ನುತ್ತಿದ್ದೆ, ನೀವು ನನ್ನನ್ನು ‘ನೀವು’ ಎನ್ನುತ್ತಿದ್ದಿರಿ. ನಿಮ್ಮ ಕೊಡದ ನೀರು ಕುಡಿಯಲು ನನಗೆ ಎರಡು ವರ್ಷ ಹಿಡಿಯಿತು. ಕುಡಿದ ಮೇಲೂ ಅದನ್ನು ಗದಗಿನ ನಮ್ಮ ಮನೆಯಲ್ಲಿ ಹೇಳಲಿಲ್ಲ. ಆದರೂ ನನ್ನ ಅತ್ತೆಯ ಮಾತಿನ ಬಿರುಸು, ನನ್ನ ಹೊಟ್ಟೆಯಲ್ಲೇ ಹೋದ ಮಗು, ಇವನ್ನೆಲ್ಲ ನಾನು ಹೇಳಿಕೊಂಡದ್ದು ನಿಮ್ಮೊಬ್ಬರ ಹತ್ತಿರ. ಇವತ್ತು ‘ನೀನು’ ಎಂದು ಬರೆಯಲು ಕೈ ಬರುತ್ತಿಲ್ಲ.

ಮೂರು ವಾರದ ಹಿಂದೆ ಸ್ನೇಹಲ್ ಇಲ್ಲಿಗೆ ಬಂದಿದ್ದಳು. ಕೊರೊನಾ ಕಾಲದಲ್ಲಿ ನಿಂತುಹೋದ ಮಡ್ಡಿಕೊಪ್ಪದ ನಿಲುಗಡೆಯನ್ನು ಮತ್ತೆ ಕೊಡುತ್ತಾರಂತೆ, ಟಿಕೇಟು ಮಾರುವ ಏಜೆಂಟಿಗಾಗಿ ಅರ್ಜಿ ಕರೆದಿದ್ದಾರಂತೆ, ತಾನೂ ಹಾಕಿದ್ದೇನೆ ಎಂದಳು. ನಾಲ್ಕನೇ ಇಯತ್ತೆಯಲ್ಲಿ ನನ್ನ ಮುಂದೆ ಮಗ್ಗಿ ಹೇಳುತ್ತಿದ್ದ ಹುಡುಗಿ ಬಿ.ಕಾಂ. ಮುಗಿಸಿ, ನಡತೆಯ ಸರ್ಟಿಫಿಕೇಟು ಬರೆದುಕೊಡಿ ಎಂದು ನನ್ನ ಮುಂದೆ ನಿಂತಿದ್ದಳು. ಸಂತೋಷದಿಂದ ಬರೆದೆ. ಸಹಿ ಮಾಡುವ ಹೊತ್ತಿಗೆ ಅವಳು, ಊರಿನವರೊಬ್ಬರು ತಕರಾರು ಹಾಕಿದ್ದಾರೆ ಎಂದಳು. ಇವಳ ತಂದೆ ಕರ್ತವ್ಯದ ಹೊತ್ತಿನಲ್ಲಿ ಜಾಗ ಬಿಟ್ಟು ಹೋಗಿ ಒಬ್ಬರ ಜೀವ ತೆಗೆದವನು, ಮೇಲೆ ಸುಳ್ಳು ಹೇಳಿಕೆ ಕೊಟ್ಟವನು, ಅಂಥ ಮನೆಗೆ ಹಾಲ್ಟು ಕೊಡಬಾರದು ಎಂದು ಬರೆದಿದ್ದಾರಂತೆ.

ಆಮೇಲೆ ಅವಳು ಆಡಿದ ಮಾತು ನಿಮಗೆ ಗೊತ್ತಿರಲಾರದು. ‘ಅಪ್ಪ ಅವತ್ತು ನಿಮ್ಮ ಹೆಸರು ಯಾಕ ತಂದ್ನೋ ಗೊತ್ತಿಲ್ರಿ ಅಕ್ಕೋರ. ಅದರಿಂದ ನಿಮಗ ತ್ರಾಸಾಗಿದ್ರ ಅವನ ಪರವಾಗಿ ನಾನು ತಪ್ಪಾತಂತ ಕೇಳಕೋತೇನ್ರಿ’ ಎಂದು ನನ್ನ ಕಾಲಿಗೆ ಬಾಗಿದಳು.

ನಾನು ಅವಳನ್ನು ಎತ್ತಲಿಲ್ಲ. ಸಹಿ ಮಾಡಿದ ಸರ್ಟಿಫಿಕೇಟನ್ನು ಕೈಗಿಟ್ಟು ಕಳಿಸಿದೆ.

ಈಗ ನಡೆದದ್ದನ್ನು ಹೇಳುತ್ತೇನೆ. 2011ರ ಫೆಬ್ರುವರಿ, ಗುರುವಾರ. ಸಂಜೆಯ ಪ್ಯಾಸೆಂಜರ್ ನಿಮ್ಮಲ್ಲಿಗೆ ಐದೂ ಹತ್ತಕ್ಕೆ ಬಂದು ಒಂದೇ ನಿಮಿಷ ನಿಲ್ಲುತ್ತಿತ್ತು. ಪ್ಲಾಟ್‌ಫಾರ್ಮ್ ಎಂಬುದು ಹಳಿಯ ಮಟ್ಟದ ಮೊರಮಿನ ನೆಲ, ಗಾಡಿಯ ಮೆಟ್ಟಿಲು ಎದೆಯೆತ್ತರಕ್ಕೆ. ಮುದುಕರು, ಬಸುರಿಯರು ಇಳಿಯುವಾಗ ನಿಮ್ಮ ಯಜಮಾನರು ಜಟ್ಟೆಪ್ಪನವರು ಟಿಕೇಟಿನ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬೊಬ್ಬರನ್ನೇ ರೆಟ್ಟೆ ಹಿಡಿದು ಇಳಿಸುತ್ತಿದ್ದರು. ರೈಲ್ವೆಯವರು ಅದನ್ನು ಅವರಿಗೆ ಹೇಳಿರಲಿಲ್ಲ. ಅವರ ಕೆಲಸ ಟಿಕೇಟು ಮಾರುವುದಷ್ಟೇ.

ಇನ್ನೊಂದು ಕೆಲಸವನ್ನೂ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ತಡವಾದರೆ ಅವರು ತಗಡಿನ ನೆರಳಿನ ಹಿಂದಿನ ದಿಬ್ಬ ಹತ್ತಿ ಊರಿನ ದಾರಿಯ ಕಡೆ ನೋಡುತ್ತಿದ್ದರು. ನಾನು ಕಂಡರೆ ಗಾರ್ಡಿಗೆ ಕೈಮಾಡಿ ನಿಲ್ಲಿಸುತ್ತಿದ್ದರು. ವಾರಕ್ಕೊಮ್ಮೆಯಾದರೂ ಹೀಗಾಗುತ್ತಿತ್ತು. ನಾನು ಏದುಸಿರು ಬಿಡುತ್ತ ಬಂದು ಹತ್ತುತ್ತಿದ್ದೆ, ಗಾಡಿ ಹೊರಡುತ್ತಿತ್ತು. ಒಮ್ಮೆಯೂ ‘ಉಪಕಾರ ಆತು’ ಎಂದವಳಲ್ಲ.

ಅವತ್ತು ನಾನು ತಡವಾಗಿ ಹೊರಟೆ. ಜಾಲಿಗಿಡಗಳ ನಡುವಿನ ಕಾಲುದಾರಿಯಲ್ಲಿದ್ದಾಗ ಗಾಡಿ ಬಂದು ನಿಂತ ಸದ್ದು ಕೇಳಿತು. ತಲೆಯೆತ್ತಿದರೆ ದಿಬ್ಬದ ಮೇಲೆ ಜಟ್ಟೆಪ್ಪನವರು. ನನ್ನನ್ನು ಕಂಡು ಎರಡೂ ಕೈ ಮೇಲೆತ್ತಿ, ‘ಬರ್ರಿ ಅಕ್ಕೋರ, ಲಗೂನ ಬರ್ರಿ’ ಎಂದು ಕೂಗಿದರು. ಗಾರ್ಡಿಗೆ ಕೈಮಾಡಲು ಅವರು ಆ ಕಡೆ ತಿರುಗುವಷ್ಟರಲ್ಲಿ ಗಾಡಿ ಜಗ್ಗಿತು. ಆಮೇಲೆ ಹೆಂಗಸರ ಚೀರಾಟ. ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ಗಂಗಯ್ಯ, ಇಳಿಸುವ ಕೈಗಾಗಿ ಮೆಟ್ಟಿಲ ಮೇಲೆ ಕಾಯುತ್ತ ನಿಂತಿದ್ದರಂತೆ. ಗಾಡಿ ಹೊರಟಿತೆಂದು ಗಾಬರಿಯಾಗಿ ಕಾಲಿಟ್ಟರಂತೆ.

ನಾನು ಜಾಲಿಯ ಮರೆಯಿಂದ ಹೊರಗೆ ಬರಲಿಲ್ಲ. ಜಟ್ಟೆಪ್ಪನವರು ದಿಬ್ಬದಿಂದ ಬಿದ್ದು ಎದ್ದು ಓಡಿದ್ದನ್ನು ಕಂಡೆ. ಗಾಡಿ ಮತ್ತೆ ನಿಂತಿದ್ದನ್ನು ಕಂಡೆ. ನಿಮ್ಮ ದನಿಯನ್ನೂ ಕೇಳಿದೆ, ಸೀತವ್ವ. ನೀರು ತರಲು ಸ್ನೇಹಲಳನ್ನು ಕೂಗುತ್ತಿದ್ದಿರಿ. ನಾನು ತಿರುಗಿ ನಡೆದೆ. ಹೊಲದ ಬದುವಿನ ಮೇಲೆ ಹಾದು ಡಾಂಬರು ರಸ್ತೆಗೆ ಬಂದು, ಗದಗಿನ ಬಸ್ಸು ಹತ್ತಿ ಕೂತೆ. ಗಂಗಯ್ಯ ನಾಲ್ಕನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ವಿಚಾರಣೆಗೆ ರೈಲ್ವೆ ಸಾಹೇಬರು ಶಾಲೆಗೆ ಬಂದಾಗ ಜಟ್ಟೆಪ್ಪನವರು ಬಾಗಿಲ ಹೊರಗೆ ನಿಂತಿದ್ದರು. ‘ಅಕ್ಕೋರ ಬರಾಕತ್ತಿದ್ರು, ಅವರನ್ನ ನೋಡಾಕ ದಿಬ್ಬಾ ಏರಿದ್ದೆ’ ಎಂದು ಅವರು ಆಗಲೇ ಹೇಳಿದ್ದರು. ಸಾಹೇಬರು ನನ್ನನ್ನು ಕೇಳಿದರು. ನಾನು, ‘ಇಲ್ಲರಿ, ಅವತ್ತು ನಾ ರೈಲಿಗೆ ಹೋಗಲಿಲ್ಲ, ಬಸ್ಸಿಗೆ ಹೋದೆ’ ಎಂದೆ. ಮಾತಿನ ಮಟ್ಟಿಗೆ ಅದು ಖರೆಯೇ ಆಗಿತ್ತು. ಅದನ್ನೇ ಹದಿಮೂರು ವರ್ಷ ನನಗೆ ನಾನೇ ಹೇಳಿಕೊಂಡೆ. ಕಾರಣ ಹೆದರಿಕೆ. ಒಬ್ಬ ಮನುಷ್ಯ ನನ್ನಿಂದ ಸತ್ತ ಎನ್ನುತ್ತಾರೆಂಬ ಹೆದರಿಕೆ. ಮಡ್ಡಿಕೊಪ್ಪದಲ್ಲೇ ವಾಸವಿದ್ದೇನೆ ಎಂದು ಇಲಾಖೆಗೆ ಸುಳ್ಳು ಬರೆದುಕೊಟ್ಟು ದಿನಾಲೂ ಗದಗಿಗೆ ಹೋಗಿಬಂದು ಮಾಡುತ್ತಿದ್ದೆನಲ್ಲ, ಅದು ಕಾಗದದ ಮೇಲೆ ಬರುತ್ತದೆಂಬ ಹೆದರಿಕೆ.

ಜಟ್ಟೆಪ್ಪನವರು ನನ್ನ ಮುಖ ನೋಡಿದರು. ಆಮೇಲೆ, ‘ಹಂಗಾದ್ರ ನಾ ಸುಳ್ಳು ಹೇಳೇನಿ ಅಂತ ಬರಕೋರಿ ಸಾಹೇಬ್ರ’ ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಆ ವರ್ಷವೇ ನಾನು ವರ್ಗ ಮಾಡಿಸಿಕೊಂಡು ಮುನವಳ್ಳಿಗೆ ಬಂದೆ. ವಿಚಾರಣೆಯಾಗಿ ಹಾಲ್ಟಿನ ಕೆಲಸ ಹೋದ ಮೇಲೆ ಜಟ್ಟೆಪ್ಪನವರು ನವಿಲುತೀರ್ಥದ ಕಾಲುವೆ ಕೆಲಸಕ್ಕೆ ದಿನಗೂಲಿಯಾಗಿ ಬರುತ್ತಾರೆಂದು ಕೇಳಿದ್ದೆ. ಆ ಕಡೆ ಹೋಗುವುದನ್ನೇ ಬಿಟ್ಟೆ. ಆದರೆ 2018ರಲ್ಲಿ ಒಂದು ದಿನ ಇಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೇ ಬಂದರು. ‘ಅಕ್ಕೋರ, ಆರಾಮದೀರಿ? ಸ್ನೇಹಲ್ ಮೆಟ್ರಿಕ್ ಪಾಸಾದ್ಲು ನೋಡ್ರಿ’ ಎಂದರು. ನನ್ನ ಚೀಲ ಇಸಿದುಕೊಂಡು ಬಸ್ಸಿನ ತನಕ ತಂದರು. ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದರು: ‘ಕೆಲಸಾ ಹೋದದ್ದು ಹೋತ್ರಿ, ಅದರದೇನಿಲ್ಲ. ನಮ್ಮಾಕಿ ಸೈತ ನನ್ನ ಮಾತು ನಂಬವಲ್ಲಳು. ನಾ ಕುಡ್ಯಾಕ ಹೋಗಿದ್ದೆ ಅಂತ ತಿಳದಾಳ. ಆಕಿ ಮುಂದ ಒಮ್ಮೆ ಖರೆ ಹೇಳ್ರಿ. ಬ್ಯಾರೆ ಯಾರ ಮುಂದೂ ಹೇಳಬ್ಯಾಡ್ರಿ.’

ನಾನು, ‘ಬರತೇನಿ ಜಟ್ಟೆಪ್ಪ, ಬಂದು ಹೇಳತೇನಿ’ ಎಂದೆ. ನಾಲ್ಕು ವರ್ಷ ಬರಲಿಲ್ಲ. ಆಮೇಲೆ ಅವರು ತೀರಿಹೋದ ಸುದ್ದಿ ಬಂತು.

ಸೀತವ್ವ, ನಿಮ್ಮ ಗಂಡ ಕುಡಿಯಲು ಹೋಗಿರಲಿಲ್ಲ. ಬೀಡಿ ಸೇದಲು ಹೋಗಿರಲಿಲ್ಲ. ನನಗಾಗಿ ದಿಬ್ಬ ಹತ್ತಿದ್ದರು. ಅವರು ಹೇಳಿದ್ದು ಅಕ್ಷರಶಃ ಖರೆ.

ಇದನ್ನೆಲ್ಲ ರಾಮದುರ್ಗದ ವಕೀಲರ ಹತ್ತಿರ ಪ್ರಮಾಣಪತ್ರ ಮಾಡಿಸಿ ರೈಲ್ವೆ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಮ್ಮ ಯಜಮಾನರಿಗೆ ಇದು ಸರಿಬರಲಿಲ್ಲ. ‘ಸತ್ತವರು ಎದ್ದು ಬರತಾರೇನು? ನಾಳೆ ಪೆನ್ಶನ್‌ಗೆ ಕುತ್ತು ಬಂದರ ಏನು ಮಾಡತಿ?’ ಎಂದು ಕೃಷ್ಣಾಜಿ ಕೇಳಿದರು. ಆದರೂ ಸಹಿ ಮಾಡಿದೆ.

ಕ್ಷಮಿಸಿ ಎಂದು ಬರೆಯುತ್ತಿಲ್ಲ. ಆ ಮಾತು ಕೇಳುವ ಯೋಗ್ಯತೆ ಇನ್ನೂ ಬಂದಿಲ್ಲ.

ನಿಮ್ಮ
ಜ್ಯೋತ್ಸ್ನಾ


ಮಡ್ಡಿಕೊಪ್ಪ
23 ಅಕ್ಟೋಬರ್ 2024

ಅಕ್ಕೋರಿಗೆ ಜೈ ಭೀಮ್.

ನಿಮ್ಮ ಪತ್ರ ಮುಟ್ಟಿತು. ನೀವು ಹೇಳಿದಂತೆ ಏನನ್ನೂ ಬಿಡದೆ ಓದಿದೆ. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಆಡಿದ ಮಾತು ಬಂದಾಗ ನನಗೆ ಮುಂದೆ ಓದಲಾಗಲಿಲ್ಲ. ಅವ್ವ, ‘ಓದು, ನಿಲ್ಲಸಬ್ಯಾಡ’ ಎಂದಳು. ಕೊನೆಯ ತನಕ ಕೇಳಿ, ಎದ್ದು ಹೋಗಿ ರೊಟ್ಟಿ ಬಡಿಯತೊಡಗಿದಳು. ಹಿಟ್ಟು ತೀರಿದ ಮೇಲೂ ಬರಿಯ ಹಂಚಿನ ಮುಂದೆ ಕೂತೇ ಇದ್ದಳು.

ಮರುದಿನ ಕರೆದು, ಬರಕೋ ಎಂದಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

‘ಅಕ್ಕೋರ, ನಿಮ್ಮ ಮ್ಯಾಲೆ ಸಿಟ್ಟು ಐತಿ. ಆದ್ರ ಅದಕ್ಕಿಂತ ದೊಡ್ಡ ಸಿಟ್ಟು ನನ್ನ ಮ್ಯಾಲೆ ನನಗೈತಿ. ಸಾಲಿ ಕಲಿಸೋ ಅಕ್ಕೋರು ಸುಳ್ಳು ಹೇಳತಾರೇನು, ನೀನ ಸುಳ್ಳ ಅಂತ ನನ್ನ ಬಾಯಿಲೆ ಅಂದೇನಿ. ಅಂವ ಒಂದ ಸಲ ಆಣಿ ಮಾಡಿ ಹೇಳಿದ, ನಾ ನಕ್ಕೆ. ಆಮ್ಯಾಲೆ ಆ ಮಾತು ತಗೀಲೇ ಇಲ್ಲ. ಹನ್ನೊಂದು ವರ್ಷ ಒಂದ ಗಂಗಾಳದಾಗ ಉಂಡ್ವಿ, ಆ ಮಾತು ಬಿಟ್ಟು ಎಲ್ಲಾ ಮಾತಾಡಿದ್ವಿ. ಹೋಗೂ ಮುಂದ ನನ್ನ ಕೈ ಹಿಡದು ಏನೋ ಹೇಳಾಕ ಹೋದ, ದಣೀಬ್ಯಾಡ ಸುಮ್ನಿರು ಅಂದೆ. ಅದನ್ನ ನೀವು ತಿರುಗಿ ಕೊಡಾಕ ಆಗೂದಿಲ್ಲ, ನನಗೂ ಬರೂದಿಲ್ಲ.

‘ಕಚೇರಿಗೆ ಕಾಗದಾ ಕಳಿಸಿದ್ದು ಚಲೋ ಆತು. ಹುಡುಗಿ ಕೆಲಸಕ್ಕ ಬಂತು. ಆದ್ರ ಕಾಗದಾ ಊರು ಓದೂದಿಲ್ರಿ. ಗಂಗಯ್ಯನ ಹೇಣ್ತಿ ಗುರವ್ವ ಇನ್ನೂ ನಮ್ಮ ಓಣಿ ಕಡೆ ನೋಡೂದಿಲ್ಲ. ಆಕಿ ತಪ್ಪಿಲ್ಲ, ಆಕಿಗೆ ಗೊತ್ತಿಲ್ಲ. ನೀವು ಬಂದು ಆಕಿ ಅಂಗಳದಾಗ ನಿಂತು ಹೇಳ್ರಿ. ನನ್ನ ಮನಿಗೆ ಬರೂದು ಬ್ಯಾಡ. ನನಗ ಹೇಳೂದು ಮುಗೀತು.

‘ಇನ್ನೊಂದು ಕೇಳಬೇಕಾಗೇತಿ. ಸಾಲಿ ಬಿಡೂದು ನಾಕೂವರಿಗೆ. ಗಾಡಿ ಐದೂ ಹತ್ತಕ್ಕ. ನಡದ್ರ ಇಪ್ಪತ್ತು ಮಿನೀಟಿನ ಹಾದಿ. ಅವತ್ತು ಯಾಕ ತಡಾ ಆತ್ರಿ? ಅಷ್ಟು ಉದ್ದ ಬರದೀರಿ, ಅದೊಂದು ಬರದಿಲ್ಲ.’

ಅವ್ವ ಹೇಳಿದ್ದು ಇಷ್ಟು. ನನ್ನ ಮಾತು ಬೇರೆ ಏನಿಲ್ಲ ಅಕ್ಕೋರೇ. ನಿಮ್ಮ ಕಾಲಿಗೆ ಬಿದ್ದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅಪ್ಪನ ಪರವಾಗಿ ತಪ್ಪಾಯಿತು ಎಂದು ಕೇಳಿಕೊಂಡ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಇಂತಿ
ಸ್ನೇಹಲ್ ಜಟ್ಟೆಪ್ಪ


ಮುನವಳ್ಳಿ
12 ನವೆಂಬರ್ 2024

ಸೀತವ್ವನವರಿಗೆ ಜ್ಯೋತ್ಸ್ನಾಳ ನಮಸ್ಕಾರಗಳು.

ನಾನು ಮೊನ್ನೆ ರವಿವಾರ ಮಡ್ಡಿಕೊಪ್ಪಕ್ಕೆ ಬಂದು ಹೋದದ್ದು ಊರಿನವರ ಬಾಯಿಂದ ಅವತ್ತೇ ನಿಮಗೆ ಮುಟ್ಟಿರುತ್ತದೆ. ಆದರೂ ನನ್ನ ಕೈಯಿಂದ ಬರೆಯಬೇಕು. ಬೇರೆಯವರು ಹೇಳಿದ್ದರಲ್ಲಿ ಹೆಚ್ಚು ಕಡಿಮೆ ಇರಬಹುದು.

ಮುಂಜಾನೆ ಹೊರಟಾಗ ಕೃಷ್ಣಾಜಿಯವರು ಹೋಗೆನ್ನಲಿಲ್ಲ, ಬೇಡವೆನ್ನಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದು, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವ ಮೊದಲೇ ಹೋದರು. ರಾಮದುರ್ಗದಲ್ಲಿ ಬಸ್ಸು ಬದಲಿಸಿದೆ. ಊರ ಅಗಸಿಯ ಹತ್ತಿರ ಇಳಿದಾಗ ನನ್ನ ಕೈಯಲ್ಲಿ ಕಲಿತ ಇಬ್ಬರು ನಮಸ್ಕಾರ ಮಾಡಿ, ಚಹಾ ಕುಡಿಯಲು ಕರೆದರು. ಒಲ್ಲೆನೆಂದು ನೆಟ್ಟಗೆ ಗುರವ್ವನ ಮನೆಗೆ ಹೋದೆ.

ಗುರವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ದೃಷ್ಟಿ ಮಂದವಾಗಿದೆ, ದನಿಯಿಂದ ಗುರುತು ಹಿಡಿದರು. ‘ಅಕ್ಕೋರೇನ್ರಿ? ಬರ್ರಿ, ಕುಂದರ್ರಿ’ ಎಂದು ಮೊರ ಸರಿಸಿದರು. ನಾನು ಕೂಡಲಿಲ್ಲ. ಅಂಗಳದಲ್ಲಿ ನಿಂತೇ ಹೇಳಿದೆ. ದಿಬ್ಬ, ಜಾಲಿಯ ಮರೆ, ಬಸ್ಸು, ಸಾಹೇಬರ ಮುಂದೆ ಆಡಿದ ಮಾತು, ಎಲ್ಲ.

ಅವರು ನಡುವೆ ಒಂದೇ ಸಲ ಮಾತಾಡಿದರು. ‘ನಮ್ಮವರು ಮೆಟ್ಟಲದ ಮ್ಯಾಲೆ ಕಾಯಾಕತ್ತಿದ್ದು ನಿಮಗ ಕಾಣತಿತ್ತೇನು?’ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜ, ಗಾಡಿಯ ಆ ಭಾಗ ಕಾಣುತ್ತಿರಲಿಲ್ಲ. ‘ಕಂಡಿದ್ರ?’ ಎಂದರು.

ಆಮೇಲೆ ಸೊಸೆಯನ್ನು ಕೂಗಿ, ಓಣಿಯವರನ್ನು ಕರೆದುಕೊಂಡು ಬಾ ಎಂದರು. ಒಬ್ಬೊಬ್ಬರಾಗಿ ಹದಿನೈದು ಇಪ್ಪತ್ತು ಮಂದಿ ಕೂಡಿದರು. ಗುರವ್ವ ಕೋಲೂರಿ ಎದ್ದು ನಿಂತು, ‘ಇನ್ನೊಮ್ಮೆ ಹೇಳ್ರಿ. ದೊಡ್ಡ ದನಿಲೆ ಹೇಳ್ರಿ, ಸಾಲ್ಯಾಗ ಹೇಳತಿದ್ರಲ್ಲ, ಹಂಗ’ ಎಂದರು.

ಸೀತವ್ವ, ಮೂವತ್ತೆರಡು ವರ್ಷ ಕಲಿಸಿದವಳು ನಾನು. ಮಂದಿಯ ಮುಂದೆ ಬಾಯಿ ತೆರೆಯಲು ಎಂದೂ ಅಂಜಿದವಳಲ್ಲ. ಅವತ್ತು ಮೊದಲ ಮಾತಿಗೇ ದನಿ ಒಡೆಯಿತು. ‘ಕೇಳಸೂದಿಲ್ರಿ’ ಎಂದು ಹಿಂದಿನಿಂದ ಯಾರೋ ಅಂದರು. ಮತ್ತೆ ಮೊದಲಿನಿಂದ ಹೇಳಿದೆ. ನಿಮ್ಮ ಯಜಮಾನರ ಹೆಸರನ್ನು ಪೂರ್ತಿ ಹಿಡಿದು, ಅವರು ಹೇಳಿದ್ದು ಖರೆ, ನಾನು ಹೇಳಿದ್ದು ಸುಳ್ಳು ಎಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಮೊದಲು ಚಹಾಕ್ಕೆ ಕರೆದ ಹುಡುಗರಿಬ್ಬರೂ ನೆಲ ನೋಡುತ್ತ ಹೋದರು.

ಗುರವ್ವ ಮತ್ತೆ ಕಟ್ಟೆಯ ಮೇಲೆ ಕೂತರು. ‘ಜಟ್ಟೆಪ್ಪನ ಹೆಣಾ ನಮ್ಮ ಮನಿ ಮುಂದ ಹಾದು ಹೋತು. ನಾ ಬಾಗಲಾ ಹಾಕ್ಕೊಂಡು ಒಳಗ ಕುಂತೆ. ಹಲಗಿ ಸಪ್ಪಳಾ ನಿಲ್ಲೂತನಕ ತಗೀಲಿಲ್ಲ’ ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ಗೊತ್ತಾಗಲಿಲ್ಲ. ಆಮೇಲೆ ಸೆರಗು ಹೊದ್ದುಕೊಂಡು, ಸೊಸೆಯ ಕೈ ಹಿಡಿದು ನಿಮ್ಮ ಓಣಿಯ ಕಡೆ ಹೊರಟರು. ಹೋಗುವಾಗ ನನ್ನ ಕಡೆ ತಿರುಗಿ, ‘ನೀವು ಇನ್ನ ಹೋಗ್ರಿ’ ಎಂದಷ್ಟೇ ಅಂದರು.

ಅಲ್ಲಿ ನಿಮ್ಮ ನಿಮ್ಮಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಕೇಳುವುದೂ ಇಲ್ಲ. ನೀವು ಹೇಳಿದಂತೆ ನಿಮ್ಮ ಮನೆಯ ಕಡೆ ಬರದೆ ತಿರುಗಿ ಬಂದೆ.

ತಕರಾರು ತೆಗೆದುಹಾಕಿದರು, ಆದೇಶ ಬಂತು, ಡಿಸೆಂಬರ್ ಒಂದರಿಂದ ಗಾಡಿ ನಿಲ್ಲುತ್ತದೆ ಎಂದು ಸ್ನೇಹಲ್ ನಿನ್ನೆ ಫೋನಿಗೆ ಒಂದು ಸಾಲು ಕಳಿಸಿದ್ದಳು. ಅದನ್ನು ಕೃಷ್ಣಾಜಿಯವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ‘ಹುಡುಗಿ ಹುಷಾರ್ ಅದಾಳ’ ಎಂದರು. ಶಿಕ್ಷಣ ಇಲಾಖೆಯಿಂದ ನನಗೆ ಇನ್ನೂ ಏನೂ ಬಂದಿಲ್ಲ. ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಸ್ನೇಹಲ್‌ಗೆ ನನ್ನ ಆಶೀರ್ವಾದ ಬೇಕೋ ಬೇಡವೋ ಗೊತ್ತಿಲ್ಲ. ಬೇಡವಾದರೂ ಅದು ಅವಳ ಮೇಲಿದೆ.

ನಿಮ್ಮ
ಜ್ಯೋತ್ಸ್ನಾ

ತಾ.ಕ. ನೀವು ಕೇಳಿದ ಪ್ರಶ್ನೆಗೆ ಉತ್ತರ ಬರೆಯದೆ ಸಹಿ ಮಾಡಿಬಿಟ್ಟೆ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಕೂತಿದ್ದೇನೆ. ಶಾಲೆಯ ಕೆಲಸವಿತ್ತು ಎಂದು ಬರೆದರೆ ನೀವು ನಂಬುತ್ತಿದ್ದಿರಿ. ಪ್ರಮಾಣಪತ್ರದಲ್ಲಿ ವಕೀಲರು ಹಾಗೆಯೇ ಬರೆದಿದ್ದಾರೆ, ನಾನು ಸುಮ್ಮನಿದ್ದೆ. ಶಾಲೆಯ ಕೆಲಸ ಇರಲಿಲ್ಲ, ಸೀತವ್ವ. ಖಣ ಮಾರುವ ಸಾವಂತ್ರೆವ್ವನ ಮನೆಯಲ್ಲಿ ಕೂತು ಕುಪ್ಪಸಕ್ಕೆ ಖಣ ಆರಿಸುತ್ತಿದ್ದೆ. ಕೆಂಪಂಚಿನದೋ, ಹಸಿರಂಚಿನದೋ ಎಂದು ಮನಸ್ಸು ನಿಲ್ಲುತ್ತಿರಲಿಲ್ಲ. ಗಾಡಿ ಹೊತ್ತಾತ್ರಿ ಎಂದು ಸಾವಂತ್ರೆವ್ವ ಎರಡು ಸಲ ಹೇಳಿದಳು. ಅವಳೂ ಈಗಿಲ್ಲ, ಅವಳಿಗೆ ನಾನು ಕೊಟ್ಟ ಉತ್ತರ ಕೇಳಿದವರು ಯಾರೂ ಉಳಿದಿಲ್ಲ. ‘ಗಡಿಬಿಡಿ ಮಾಡಬ್ಯಾಡ, ಜಟ್ಟೆಪ್ಪ ಇದ್ದಾನಲ್ಲ, ನಿಲ್ಲಸ್ತಾನ’ ಎಂದಿದ್ದೆ.